ಒಳಗೆ ಬಟ್ಟೆ ಇದೆ

ನನ್ನ ಗಂಡನ ಅಕ್ಕ ದರ್ಜಿ. ಸಂಬಂಧದಲ್ಲಿ ನನಗೆ ಅತ್ತಿಗೆ, ಆದರೆ ನಮ್ಮವರ ಬಾಯಲ್ಲಿ ಕೇಳಿ ಕೇಳಿ ನಾನೂ ಅಕ್ಕ ಎಂದೇ ಕರೆಯುತ್ತೇನೆ. ಮದುವೆಯಾದ ಹೊಸದರಲ್ಲಿ ‘ನೀವು’ ಎನ್ನುತ್ತಿದ್ದೆ. ಒಂದು ಜಗಳದ ಮಧ್ಯೆ ಅದು ‘ನೀನು’ ಆಯಿತು. ಜಗಳ ಮುಗಿಯಿತು, ‘ನೀನು’ ಉಳಿಯಿತು. ಅವಳಿಗೂ ಅದೇ ಹಿಡಿಸಿತು ಅಂತ ಕಾಣುತ್ತದೆ, ಯಾಕೆಂದರೆ ಅಲ್ಲಿಂದ ಮುಂದೆ ನನ್ನ ಬಟ್ಟೆಗಳಿಗೂ ಧಾರಾಳವಾಗಿ ಒಳಗೆ ಬಟ್ಟೆ ಬಿಡತೊಡಗಿದಳು.

ಒಳಗೆ ಬಟ್ಟೆ ಬಿಡುವುದೆಂದರೆ ಏನು ಅಂತ ಹೊಲಿಗೆ ಗೊತ್ತಿಲ್ಲದವರಿಗೆ ಹೇಳಬೇಕು. ಅಂಗಿಯನ್ನು ಒಳಮೈ ಮಾಡಿ ನೋಡಿದರೆ ಪಕ್ಕದ ಹೊಲಿಗೆಯ ಆಚೆ ಒಂದಿಷ್ಟು ಬಟ್ಟೆ ಸುಮ್ಮನೆ ಕೂತಿರುತ್ತದೆ. ಮೈ ಬೆಳೆದರೆ ಹೊಲಿಗೆ ಬಿಚ್ಚಿ ಅದನ್ನು ಹೊರಗೆ ತರಬಹುದು. ರೆಡಿಮೇಡ್ ಅಂಗಿಯಲ್ಲಿ ಅದು ಉಗುರಿನಷ್ಟೂ ಇರುವುದಿಲ್ಲ, ಅಕ್ಕ ಎರಡು ಬೆರಳಗಲ ಬಿಡುತ್ತಾಳೆ. ಯಾರಾದರೂ ಗಿರಾಕಿ ವರ್ಷದ ಮೇಲೆ ಬಂದು, ‘ಬಿಗಿ ಆಗ್ಬಿಟ್ಟಿದೆ ಟೈಲರಕ್ಕ’ ಎಂದು ಮುಖ ಸಣ್ಣ ಮಾಡಿದರೆ ಅವಳ ಉತ್ತರ ಒಂದೇ: ‘ಹೆದರ್ಬೇಡಿ, ಒಳಗೆ ಬಟ್ಟೆ ಇದೆ.’ ಗೊತ್ತಾದ ಮದುವೆ ಮುರಿದುಬಿದ್ದು, ಹೊಲಿಯಲು ಕೊಟ್ಟ ಬಟ್ಟೆ ವಾಪಸು ಕೇಳಲು ಬಂದ ಹುಡುಗಿಗೂ ಇದನ್ನೇ ಹೇಳಿದ್ದಳು. ಆ ಹುಡುಗಿಗೆ ಏನು ಅರ್ಥವಾಯಿತೋ, ಅಳು ನಿಲ್ಲಿಸಿ ಹೋದಳು.

ಅಕ್ಕನ ಅಂಗಡಿ ನಾವಿರುವ ಕಟ್ಟಡದ ಕೆಳಗಿನ ಮುಂಭಾಗದ ಕೋಣೆ. ಅದರ ಹಿಂದಿನ ಕೋಣೆಯಲ್ಲಿ ಅವಳ ಮಂಚ. ನಾವು ಗಂಡಹೆಂಡತಿ ಇರುವುದು ಎರಡನೇ ಮಹಡಿಯಲ್ಲಿ. ತಂದೆತಾಯಿ ಹೋದಾಗ ನಮ್ಮವರು ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಮಗು, ಅಕ್ಕ ಶಾಲೆ ಬಿಟ್ಟು ಗಾರ್ಮೆಂಟ್ ಕಾರ್ಖಾನೆಗೆ ಸೇರಿದವಳು. ಅಲ್ಲಿ ವರ್ಷಗಟ್ಟಲೆ ಬರೀ ಕಾಲರ್ ಹೊಲಿದಳಂತೆ. ‘ಎಷ್ಟು ಸಾವಿರ ಕುತ್ತಿಗೆಗೆ ಕಾಲರ್ ಕೂರಿಸಿದೀನೋ, ಒಂದು ಮುಖಾನೂ ನೋಡಿಲ್ಲ’ ಅನ್ನುತ್ತಾಳೆ. ಮದುವೆ ಯಾಕಾಗಲಿಲ್ಲ ಅಂತ ಕೇಳಿದರೆ, ‘ಅಳತೆ ಕೊಟ್ಟು ಹೋದೋರು ಬಟ್ಟೆ ತಗೊಳ್ಳೋಕೆ ಬರ್ಲಿಲ್ಲ’ ಎಂದು ನಗುತ್ತಾಳೆ. ತಮ್ಮನ ಶಾಲೆಯ ಅಂಗಿಗಳಿಗೆ ಒಳಗೆ ಬಟ್ಟೆ ಬಿಟ್ಟು ಬಿಟ್ಟೇ ಅವಳಿಗೆ ಆ ಅಭ್ಯಾಸ ಹತ್ತಿದ್ದು. ಬೆಳೆಯುವ ಮೈ, ವರ್ಷಕ್ಕೊಂದು ಅಂಗಿ ಕೊಳ್ಳುವ ಶಕ್ತಿ ಇರಲಿಲ್ಲ. ತಮ್ಮನನ್ನು ಅವಳು ಮರಿ ಎಂದು ಕರೆಯುತ್ತಾಳೆ. ಮೀಸೆ ನರೆತ ಗಂಡಸನ್ನು ಬೀದಿಯಲ್ಲಿ ಮರಿ ಎಂದು ಕೂಗಿದರೆ ಕೇಳಿದವರು ನಗುತ್ತಾರೆ, ಅವಳಿಗೆ ಅದರ ಪರಿವೆಯಿಲ್ಲ.

ಈಗ ಅವಳ ಮೈಯ ವಿಷಯ. ಅಕ್ಕ ದಪ್ಪಗಾಗಿದ್ದಳು. ಸುಮ್ಮನೆ ದಪ್ಪ ಅಲ್ಲ, ಅಂಗಡಿಯ ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬರದಷ್ಟು. ನನ್ನ ಬಾಯಿಗೆ ಬೀಗವಿಲ್ಲ, ಇದನ್ನು ಅವಳ ಮುಂದೆಯೇ ಹೇಳಿದ್ದೇನೆ. ಆಶ್ಚರ್ಯವೆಂದರೆ ಅದು ಅವಳಿಗೆ ಗೊತ್ತೇ ಇರಲಿಲ್ಲ. ಲೋಕದಲ್ಲಿ ಎಲ್ಲರಿಗೂ, ನೀನು ದಪ್ಪಗಾಗಿದ್ದೀಯ ಎಂದು ಮೊದಲು ಚಾಡಿ ಹೇಳುವುದು ಬಟ್ಟೆ. ಅಕ್ಕ ಆ ಚಾಡಿಕೋರನ ಬಾಯಿಯನ್ನು ಮೊದಲೇ ಹೊಲಿದುಬಿಟ್ಟಿದ್ದಳು. ತೋಳು ಸ್ವಲ್ಪ ಹಿಡಿದಂತಾದರೆ ಆ ಕ್ಷಣವೇ ನಿಲುವಂಗಿ ಬಿಚ್ಚಿ, ಹೊಲಿಗೆ ಸಡಿಲಿಸಿ, ಮತ್ತೆ ತೊಟ್ಟುಕೊಳ್ಳುವಳು. ಒಳಗಿನ ಬಟ್ಟೆ ಮುಗಿದರೆ ಪಕ್ಕಕ್ಕೆ ಒಂದು ಪಟ್ಟಿ ಸೇರಿಸುವಳು. ಇಪ್ಪತ್ತು ವರ್ಷದಲ್ಲಿ ಅವಳಿಗೆ ಒಂದು ಬಟ್ಟೆಯೂ ಬಿಗಿಯಾಗಲಿಲ್ಲ. ಊರಿನವರ ಸುತ್ತಳತೆಯೆಲ್ಲ ನಾಲಿಗೆ ತುದಿಯಲ್ಲಿದ್ದವಳಿಗೆ ತನ್ನದು ಗೊತ್ತಿಲ್ಲ. ದೀಪದ ಬುಡದಲ್ಲಿ ಕತ್ತಲೆ.

ದಪ್ಪಗಾಗಲು ಅವಳು ವಿಶೇಷವಾಗಿ ಏನೂ ಮಾಡಿರಲಿಲ್ಲ. ಹೊಲಿಗೆ ಮಿಷನ್ನಿಗೆ ಮೋಟಾರು ಹಾಕಿಸಿದ ಮೇಲೆ ಕಾಲಿಗೆ ಕೆಲಸ ತಪ್ಪಿತು. ನಮ್ಮ ಬಾಲ್ಕನಿಯಿಂದ ಹಗ್ಗ ಕಟ್ಟಿದ ಒಂದು ಚೀಲ ಇಳಿಬಿಟ್ಟಿದ್ದೆವು. ಊಟ, ತಿಂಡಿ, ಇಸ್ತ್ರಿಯ ಬಟ್ಟೆ ಎಲ್ಲ ಅದರಲ್ಲೇ ಮೇಲೆ ಕೆಳಗೆ ಓಡಾಡುತ್ತಿದ್ದವು, ಅವಳು ಮೆಟ್ಟಿಲು ಹತ್ತುವುದು ನಿಂತಿತು. ನಾನು ಬೇಕರಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಸಂಜೆ ಮಾರಾಟವಾಗದೆ ಉಳಿದ ಬನ್ನುಗಳು ಮನೆಗೆ ಬರುತ್ತಿದ್ದವು. ಗಿರಾಕಿ ಬಂದಾಗಲೆಲ್ಲ ಚಹಾ, ಚಹಾಕ್ಕೆ ಎರಡು ಚಮಚ ಸಕ್ಕರೆ, ಜತೆಗೊಂದು ಬನ್ನು. ಎಲ್ಲಕ್ಕಿಂತ ಮೇಲಾಗಿ, ತಟ್ಟೆಯಲ್ಲಿ ಅನ್ನ ಬಿಟ್ಟರೆ ಅವಳಿಗೆ ಆಗದು. ಹಸಿವು ಕಂಡ ಜೀವ. ಯಾರು ಬಿಟ್ಟದ್ದನ್ನೂ ತಾನೇ ಬಳಿದು ತಿನ್ನುವಳು. ನಮ್ಮವರಿಗೆ ಕಾಯಿಲೆ ಹತ್ತಿ ಊಟ ಸೇರದೇ ಹೋದಾಗ, ಅವರು ಬಿಟ್ಟದ್ದೆಲ್ಲ ಚೀಲದಲ್ಲಿ ಕೆಳಗಿಳಿದು ಅವಳ ಹೊಟ್ಟೆ ಸೇರಿತು.

ಕಾಯಿಲೆ ಕಿಡ್ನಿಯದು. ಎರಡೂ ಕೆಟ್ಟಿದ್ದವು. ನಮ್ಮವರು ಒಂದು ಮುದ್ರಣಾಲಯದ ಲಾರಿ ಓಡಿಸುತ್ತಿದ್ದವರು. ಈಗ ಅದೇ ಮುದ್ರಣಾಲಯದ ಗೇಟಿನಲ್ಲಿ, ಲಾರಿ ಓಡಿಸುವಾಗ ತೊಡುತ್ತಿದ್ದ ಅದೇ ನೀಲಿ ಅಂಗಿ ತೊಟ್ಟು ಕೂರುವ ಕೆಲಸ, ಅದೂ ಡಯಾಲಿಸಿಸ್ ಇಲ್ಲದ ದಿನಗಳಲ್ಲಿ. ವಾರಕ್ಕೆ ಮೂರು ಸಲ ಆಸ್ಪತ್ರೆಯ ಯಂತ್ರ ಅವರ ರಕ್ತ ತೊಳೆಯಬೇಕಿತ್ತು. ಹೀಗೇ ಎಷ್ಟು ದಿನ ಅಂತ ಕೇಳಿದರೆ ಡಾಕ್ಟರಮ್ಮ ನೇರವಾಗಿ ಹೇಳುತ್ತಿರಲಿಲ್ಲ. ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಬದುಕು, ಇಲ್ಲದಿದ್ದರೆ ಇದು ಸವೆಯುವ ಹಾದಿ. ನನ್ನದು ಹೊಂದಲಿಲ್ಲ. ಅವತ್ತು ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತೆ. ಅಕ್ಕನದು ಹೊಂದಿತು.

ಹೊಂದಿತು ಎಂದು ಖುಷಿಪಡುವಷ್ಟರಲ್ಲಿ ಡಾಕ್ಟರಮ್ಮ ಅಕ್ಕನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು.

‘ಇಷ್ಟು ತೂಕ ಇಟ್ಕೊಂಡು ನಿಮ್ಮನ್ನ ಆಪರೇಷನ್ ಮೇಜಿನ ಮೇಲೆ ಮಲಗಿಸೋಕೆ ಆಗಲ್ಲ’ ಅಂದರು. ‘ಉಳಿಯೋ ಒಂದು ಕಿಡ್ನಿ ಇಷ್ಟು ದೊಡ್ಡ ಮೈನ ಒಂದೇ ಹೊರಬೇಕು. ಸಕ್ಕರೆ ಕಾಯಿಲೆನೂ ಹೊಸ್ತಿಲಲ್ಲಿ ನಿಂತಿದೆ. ತಮ್ಮನ್ನ ಉಳಿಸೋಕೆ ಹೋಗಿ ನಿಮ್ಮನ್ನ ಕಳಕೊಳ್ಳೋಕೆ ನಾನು ತಯಾರಿಲ್ಲ. ಹದಿನಾಲ್ಕು ಕಿಲೋ ಇಳಿಸಿ ಬನ್ನಿ, ಆಮೇಲೆ ಮಾತಾಡೋಣ.’

ಅಕ್ಕ ತೂಕದ ಯಂತ್ರದ ಮುಳ್ಳನ್ನೇ ನೋಡುತ್ತ ನಿಂತಿದ್ದಳು. ‘ನಾನಾ ಇದು?’ ಎಂದು ಕೇಳಿದಳು.

ಮನೆಗೆ ಬಂದವಳೇ ಊಟ ಬಿಟ್ಟಳು. ಬೆಳಿಗ್ಗೆ ಒಂದು ಲೋಟ ನೀರು, ಮಧ್ಯಾಹ್ನ ಒಂದು ಲೋಟ ನೀರು, ರಾತ್ರಿ ಅರ್ಧ ಸೇಬು. ನಾನು ಬೈದೆ, ಕೇಳಲಿಲ್ಲ. ಆ ವಾರ ಮುಗಿಯುವ ಮೊದಲೇ ಮಿಷನ್ನಿನ ಮುಂದೆ ಕಣ್ಣು ಕತ್ತಲೆ ಬಂದು, ಮೋಟಾರು ಓಡುತ್ತಿದ್ದ ಹಾಗೆಯೇ ಸೂಜಿ ಅವಳ ತೋರುಬೆರಳಿನ ಉಗುರು ತೂರಿ ಹೋಯಿತು. ಎದುರಿನ ಚಪ್ಪಲಿ ಅಂಗಡಿಯವರು ಬಂದು ಚಕ್ರ ಹಿಂದಕ್ಕೆ ತಿರುಗಿಸಿ ಬೆರಳು ಬಿಡಿಸಿದರು.

ಆಸ್ಪತ್ರೆಯಲ್ಲಿ ಗಾಯಕ್ಕೆ ಬಟ್ಟೆ ಕಟ್ಟಿದ್ದು ಡಯಾಲಿಸಿಸ್ ವಿಭಾಗದಲ್ಲಿ ನಮಗೆ ಪರಿಚಯವಿದ್ದ ನರ್ಸಮ್ಮ. ವಯಸ್ಸಾದವರು, ಮಾತು ಕಡಿಮೆ. ವಿಷಯ ಕೇಳಿ ಹೇಳಿದರು: ‘ಹೀಗೆ ಉಪವಾಸ ಬಿದ್ರೆ ರಕ್ತ ಕೆಡತ್ತೆ. ರಕ್ತ ಕೆಟ್ಟೋರ ಕಿಡ್ನಿ ಡಾಕ್ಟರಮ್ಮ ತಗೊಳ್ಳಲ್ಲ. ಅಮ್ಮಾ, ಈ ತೂಕ ಎಷ್ಟು ವರ್ಷದಲ್ಲಿ ಬಂತು?’

‘ಇಪ್ಪತ್ತು ಅಂತ ಇಟ್ಕೊಳ್ಳಿ.’

‘ಇಪ್ಪತ್ತು ವರ್ಷ ಹಾಕಿದ ಹೊಲಿಗೇನ ಒಂದು ವಾರದಲ್ಲಿ ಕಿತ್ತು ಎಳೀತಿದೀರಲ್ಲ. ನೀವು ಅಂಗಡೀಲಿ ಹೀಗೆ ಮಾಡ್ತೀರಾ?’

ಅಕ್ಕ ತಲೆ ಎತ್ತಿ ಅವರನ್ನು ನೋಡಿದಳು. ಬೇರೆ ಯಾರು ಏನು ಹೇಳಿದ್ದರೂ ಅವಳ ಕಿವಿಗೆ ಹೋಗುತ್ತಿರಲಿಲ್ಲ. ಈ ಮಾತು ಹೋಯಿತು. ಹೊಲಿಗೆ ಬಿಚ್ಚುವಾಗ ಎಳೆದರೆ ಬಟ್ಟೆ ಹರಿಯುತ್ತದೆ, ಒಂದೊಂದೇ ನೂಲು ಕತ್ತರಿಸಬೇಕು. ಅದು ಅವಳು ಕಾರ್ಖಾನೆಯಲ್ಲಿ ಕಲಿತ ಮೊದಲ ಪಾಠ.

ಅಲ್ಲಿಂದ ಶುರುವಾದದ್ದು ನೋಡುವವರಿಗೆ ಏನೂ ಅಲ್ಲ. ಚಹಾ ಬಿಡಲಿಲ್ಲ, ಗೋಪುರದ ಹಾಗೆ ತುಂಬುತ್ತಿದ್ದ ಸಕ್ಕರೆಯ ಚಮಚವನ್ನು ಮೊದಲು ತಟ್ಟಿ ಮಟ್ಟ ಮಾಡಿದಳು, ಆಮೇಲೆ ಅರ್ಧ ಮಾಡಿದಳು, ನಾಲಿಗೆಗೆ ಸುಳಿವು ಸಿಗದ ಹಾಗೆ. ಬಾಲ್ಕನಿಯ ಹಗ್ಗವನ್ನು ಅವಳೇ ಬಿಚ್ಚಿಸಿದಳು. ‘ಊಟ ಬೇಕಿದ್ರೆ ನಾನೇ ಬರ್ತೀನಿ’ ಅಂದಳು. ಮೊದಲ ಸಲ ಎರಡು ಮಹಡಿ ಹತ್ತುವಷ್ಟರಲ್ಲಿ ಮಧ್ಯದ ತಿರುವಿನಲ್ಲಿ ಕೂತುಬಿಟ್ಟು, ‘ಅನ್ನ ಇಲ್ಲಿಗೇ ತಾ’ ಎಂದಳು. ನಾನು ಕೊಡಲಿಲ್ಲ. ಬೈಯುತ್ತಲೇ ಎದ್ದು ಬಂದಳು. ಕೆಲವು ತಿಂಗಳಲ್ಲಿ ಬೈಗುಳ ನಿಂತಿತು, ಮೆಟ್ಟಿಲ ಮೇಲೆ ಅವಳ ಹೆಜ್ಜೆಯ ಸದ್ದು ಬದಲಾಯಿತು. ಬಾಗಿಲು ತೆರೆಯುವ ಮೊದಲೇ ಅವಳೆಂದು ತಿಳಿಯುತ್ತಿದ್ದ ನನಗೆ, ಬೇರೆ ಯಾರೋ ಬಂದರು ಅನ್ನಿಸುತ್ತಿತ್ತು.

ಮಿಷನ್ನಿನ ಮೋಟಾರು ತೆಗೆಸಿ, ತುಳಿದು ಓಡಿಸುವ ಹಳೆಯ ಕಾಲುಮಣೆಗೆ ಮತ್ತೆ ಬೆಲ್ಟು ಹಾಕಿಸಿದಳು. ‘ಏನು ಟೈಲರಕ್ಕ, ಕರೆಂಟು ಉಳಿಸ್ತಿದೀಯಾ?’ ಎಂದು ಚಪ್ಪಲಿ ಅಂಗಡಿಯವರು ಕೆಣಕಿದರು. ‘ಇಲ್ಲಪ್ಪ, ಖರ್ಚು ಮಾಡ್ತಿದೀನಿ. ತುಂಬಾ ಕೂಡಿಟ್ಟಿದ್ದೆ’ ಎಂದು ತೊಡೆ ತಟ್ಟಿ ತೋರಿಸಿದಳು. ನಮ್ಮವರ ಜತೆ ಬಸ್ಸಿನಲ್ಲಿ ಡಯಾಲಿಸಿಸ್‌ಗೆ ಹೋಗುವಾಗ ಅವರು ಆಸ್ಪತ್ರೆಯ ಬಾಗಿಲಲ್ಲಿ ಇಳಿಯುತ್ತಿದ್ದರು, ಅವಳು ಒಂದು ನಿಲ್ದಾಣ ಮೊದಲೇ ಇಳಿದು ನಡೆದು ಬರುತ್ತಿದ್ದಳು.

ಕಷ್ಟವಾದದ್ದು ತಟ್ಟೆಯ ವಿಷಯ. ‘ಬನ್ನು ತರ್ಬೇಡ’ ಎಂದಾಗ ನಾನು, ‘ಹಾಗಾದ್ರೆ ಉಳಿದದ್ದು ಯಾರು ತಿನ್ನೋದು?’ ಎಂದೆ.

‘ಯಾರು ಬೇಕಾದ್ರೂ ತಿನ್ಲಿ. ನಾನಲ್ಲ.’

ಈ ನಾಲ್ಕು ಮಾತು ಹೇಳಲು ಅವಳಿಗೆ ಎಷ್ಟು ನೋವಾಯಿತೆಂದು ನನಗೆ ಕಂಡಿತು. ಕಣ್ಣಲ್ಲಿ ನೀರಿತ್ತು. ‘ಅನ್ನಕ್ಕೆ ಅವಮಾನ ಮಾಡ್ಬಾರ್ದು ಅಂತ ಇಷ್ಟು ವರ್ಷ ಹೊಟ್ಟೆಗೆ ಅವಮಾನ ಮಾಡ್ದೆ ಕಣೇ’ ಅಂದಳು. ನಾನು ಬೇಯಿಸುವ ಪಾತ್ರೆ ಸಣ್ಣದು ಮಾಡಿದೆ. ಅವಳು ಮೊದಲು ತರಕಾರಿ, ಬೇಳೆ ತಿಂದು, ಆಮೇಲೆ ಅನ್ನ ಬಡಿಸಿಕೊಳ್ಳುವಳು. ಎರಡನೇ ಸಲ ಕೇಳುವ ಮೊದಲು ಎದ್ದು ತಮ್ಮನ ಮಾತ್ರೆ ತೆಗೆದುಕೊಡಲು ಹೋಗುವಳು, ಬರುವಷ್ಟರಲ್ಲಿ ಆಸೆ ಇಳಿದಿರುತ್ತಿತ್ತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮೊದಲನೆಯದನ್ನು ಅವಳು ಕಲಿತಳು, ಎರಡನೆಯದನ್ನು ನಾನು ಇನ್ನೂ ಕಲಿತಿಲ್ಲ.

ನಡುವೆ ಒಂದು ಕಾಲ ತೂಕ ಅಲುಗಾಡಲೇ ಇಲ್ಲ. ಮಾಡುವುದನ್ನೆಲ್ಲ ಮಾಡಿದರೂ ಮುಳ್ಳು ಅಲ್ಲೇ. ಒಂದು ಸಂಜೆ ಅಂಗಡಿಗೆ ಹೋದರೆ ಬಟ್ಟೆ ಕತ್ತರಿಸುವ ಮೇಜಿನ ಪಕ್ಕ ನಿಂತು, ನನಗೆ ಬೆನ್ನು ಹಾಕಿ ಬನ್ನು ತಿನ್ನುತ್ತಿದ್ದಳು. ನನ್ನ ನಾಲಿಗೆ ತುರಿಸಿತು, ಆದರೆ ತಡೆದುಕೊಂಡೆ. ಪೂರ್ತಿ ತಿಂದು, ಕೈ ಒರೆಸಿಕೊಂಡು, ಅವಳೇ ಹೇಳಿದಳು: ‘ಒಂದು ಹೊಲಿಗೆ ತಪ್ಪಿದ್ರೆ ಅಂಗಿ ಬಿಸಾಡ್ತೀವಾ?’ ಆಮೇಲೆ ಕಾಲುಮಣೆ ತುಳಿಯಲು ಕೂತಳು.

ತೂಕ ಇಳಿಯುತ್ತ ಹೋದ ಹಾಗೆ ತನ್ನ ನಿಲುವಂಗಿಗಳನ್ನು ಒಳಕ್ಕೆ ಹಿಡಿದು ಹೊಲಿದುಕೊಂಡಳು. ಪ್ರತಿ ಸಲವೂ ಹೊಲಿಗೆಯ ಆಚೆ ಉಳಿದ ಬಟ್ಟೆಯನ್ನು ಕತ್ತರಿಸಿ ಚಿಂದಿಯ ಚೀಲಕ್ಕೆ ಹಾಕುವಳು. ಊರಿಗೆಲ್ಲ ಎರಡು ಬೆರಳಗಲ ಬಿಡುವವಳು ತನಗೆ ನೂಲಿನಷ್ಟೂ ಬಿಡಲಿಲ್ಲ. ಯಾಕೆ ಎಂದು ಕೇಳಿದೆ.

‘ಇದ್ರೆ ಮತ್ತೆ ಬಿಚ್ಚಿಬಿಡ್ತೀನಿ’ ಎಂದಳು. ಅಷ್ಟೇ.

ಅವಳದು ಹೀಗೆ ಸಾಗಿರುವಾಗ ನಮ್ಮವರದು ಬೇರೆಯೇ ಹಾದಿ. ಆಪರೇಷನ್ನಿಗೆ ಅವರು ಹೂಂ ಎಂದಿರಲಿಲ್ಲ. ‘ನೋಡೋಣ’ ಅನ್ನುತ್ತಿದ್ದರು. ಅಳೆದು ಸುರಿದು ಕೊನೆಗೆ ಬಾಯಿ ಬಿಟ್ಟು ಹೇಳಿದ್ದು ಇದು: ‘ನಂಗೇನಾಗಿದೆ ಅಂತ ಅಕ್ಕನ ಹೊಟ್ಟೆ ಕೊಯ್ಯಬೇಕು? ಈ ಅಂಗಿ ನೋಡು, ಕಾಯಿಲೆಗಿಂತ ಮೊದ್ಲು ಹೊಲಿದದ್ದು. ಆಗ ಹೇಗೆ ಕೂತಿತ್ತೋ ಈಗ್ಲೂ ಹಾಗೇ ಕೂತಿದೆ. ಮೈಯಲ್ಲಿ ಶಕ್ತಿ ಇದೆ, ಯಂತ್ರ ಇದೆ. ಸಾಕು.’

‘ಆಸ್ಪತ್ರೇಲಿ ತೂಕ ನೋಡ್ತಾರಲ್ರೀ’ ಎಂದೆ ನಾನು.

‘ಅದು ನೀರಿನ ಲೆಕ್ಕ. ಬರ್ತಾ ಏರಿರತ್ತೆ, ಹೋಗ್ತಾ ಇಳಿದಿರತ್ತೆ. ತಕ್ಕಡಿ ನಂಬಬಾರ್ದು. ಅಂಗಿ ಸುಳ್ಳು ಹೇಳಲ್ಲ.’

ಹೇಳುವುದರಲ್ಲಿ ತಪ್ಪೇನಿಲ್ಲ. ಕಿಡ್ನಿ ಕೆಟ್ಟವರ ಮೈಯಲ್ಲಿ ನೀರು ತುಂಬುತ್ತದೆ, ತೂಕದಲ್ಲಿ ಮಾಂಸವೆಷ್ಟು ನೀರೆಷ್ಟು ಎಂದು ನಮ್ಮಂಥವರಿಗೆ ತಿಳಿಯುವುದಿಲ್ಲ. ಕಾಲು ಊದುತ್ತಿತ್ತು, ಮುಖ ಊದುತ್ತಿತ್ತು. ಆದರೂ ನೀಲಿ ಅಂಗಿ ಭುಜದಿಂದ ಸೊಂಟದವರೆಗೆ ಸರಿಯಾಗಿ ಕೂತಿರುತ್ತಿತ್ತು. ನಾನೂ ನಂಬಿದೆ. ಅವರ ಧೈರ್ಯ ಎಷ್ಟು ಬೆಳೆಯಿತೆಂದರೆ, ಗೇಟಿನಲ್ಲಿ ಜನ ಕಡಿಮೆ ಎಂಬ ನೆಪ ಹೇಳಿ ಡಯಾಲಿಸಿಸ್ ಒಂದು ಸಲ ತಪ್ಪಿಸಿದರು. ಅದರ ಮುಂದಿನದನ್ನು ನಮಗೆ ಹೇಳದೆಯೇ ತಪ್ಪಿಸಿದರು. ಆಸ್ಪತ್ರೆಗೆಂದು ಹೊರಟು ಅಕ್ಕನನ್ನು ಎಂದಿನಂತೆ ಒಂದು ನಿಲ್ದಾಣ ಮೊದಲೇ ಇಳಿಸಿ, ‘ಇವತ್ತು ತುಂಬಾ ತಡ ಆಗತ್ತಂತೆ, ನೀನು ಮನೆಗೆ ಹೋಗು’ ಎಂದು ಫೋನು ಮಾಡಿ, ತಾವು ನೇರ ಕೆಲಸಕ್ಕೆ ಹೋಗಿದ್ದರು.

ಮರುದಿನ ಮಧ್ಯಾಹ್ನ ಮುದ್ರಣಾಲಯದ ಗೇಟಿನಲ್ಲೇ ಉಸಿರು ಕಟ್ಟಿ ಬಿದ್ದರು. ಶ್ವಾಸಕೋಶದಲ್ಲಿ ನೀರು ತುಂಬಿತ್ತು.

ನಾನು ಬೇಕರಿಯ ಏಪ್ರನ್ನಿನಲ್ಲೇ ಓಡಿದೆ. ತುರ್ತು ವಿಭಾಗದಲ್ಲಿ ನರ್ಸಮ್ಮ ಅವರ ಅಂಗಿ ಬಿಚ್ಚಿ, ಒಳಮೈ ಹೊರಗಾಗಿದ್ದ ಹಾಗೆಯೇ ನನ್ನ ಕೈಗೆ ಕೊಟ್ಟರು. ಮಂಚದ ಮೇಲೆ ಮಲಗಿದ್ದ ಬರಿಮೈಯನ್ನು ನಾನು ಅಂಥ ಬೆಳಕಿನಲ್ಲಿ ನೋಡಿ ಬಹಳ ದಿನವಾಗಿತ್ತು. ಎದೆಗೂಡಿನ ಎಲುಬು ಎಣಿಸುವ ಹಾಗಿತ್ತು, ಭುಜದ ಮೂಳೆ ಎದ್ದು ನಿಂತಿತ್ತು. ಇಷ್ಟು ಸೊರಗಿದ ಮೈಗೆ ಈ ಅಂಗಿ ಹೇಗೆ ಸರಿಯಾಗುತ್ತಿತ್ತು ಎಂದು ಕೈಯಲ್ಲಿದ್ದುದನ್ನು ನೋಡಿದೆ. ಪಕ್ಕದ ಹೊಲಿಗೆಯ ಆಚೆ ಎರಡು ಬೆರಳಗಲವಲ್ಲ, ಒಂದು ಅಂಗೈ ಅಗಲದ ಬಟ್ಟೆ ಮಡಿಸಿ ಕೂತಿತ್ತು. ಹೊಲಿಗೆಯ ಸಾಲು ಒಂದಲ್ಲ, ಒಂದರ ಒಳಗೊಂದು ನಾಲ್ಕು. ಕಾಲರಿನ ಗುಂಡಿಯನ್ನೂ ಸರಿಸಿ ಹೊಲಿದಿತ್ತು, ಹಳೆಯ ಜಾಗದಲ್ಲಿ ಸೂಜಿಯ ತೂತು ಉಳಿದಿತ್ತು.

ಅಕ್ಕ ಬರುವಷ್ಟರಲ್ಲಿ ಯಂತ್ರ ಅವರ ರಕ್ತ ತೊಳೆಯುತ್ತಿತ್ತು, ಪ್ರಾಣಕ್ಕೆ ಅಪಾಯವಿಲ್ಲ ಎಂದಿದ್ದರು. ನಾನು ಅವಳನ್ನು ಕಾರಿಡಾರಿನ ಕೊನೆಗೆ ಕರೆದುಕೊಂಡು ಹೋಗಿ ಅಂಗಿ ಮುಂದೆ ಹಿಡಿದೆ.

‘ಏನಕ್ಕ ಇದು?’

ಅವಳು ಅಂಗಿ ಮುಟ್ಟಲಿಲ್ಲ. ‘ಒಂದಿನ ಅಂಗಡಿ ಕನ್ನಡಿ ಮುಂದೆ ನಿಂತಿದ್ದ’ ಎಂದಳು. ‘ಅಂಗಿ ಮೈಮೇಲೆ ಜೋತಾಡ್ತಿತ್ತು. ಹೊಟ್ಟೆ ಹತ್ರ ಮುಷ್ಟಿಲಿ ಹಿಡಿದು ನೋಡ್ಕೊಂಡು ಅಳ್ತಿದ್ದ. ನಾನಿದೀನಿ ಅಂತ ಅವನಿಗೆ ಗೊತ್ತಿಲ್ಲ. ಇಸ್ತ್ರಿಗೆ ಬಂದಾಗ ಒಂಚೂರು ಹಿಡಿದೆ. ಮಾರನೇ ದಿನ ತೊಟ್ಕೊಂಡು, ಸ್ವಲ್ಪ ತುಂಬ್ಕೊಂಡಿದೀನಿ ಕಣಕ್ಕ ಅಂತ ನಕ್ಕ. ಆಮೇಲೆ ನಿಲ್ಸೋಕೆ ಆಗ್ಲಿಲ್ಲ ಕಣೇ.’

‘ಯಂತ್ರ ತಪ್ಪಿಸಿದ್ದು ಈ ಅಂಗಿ ನಂಬ್ಕೊಂಡು. ನಿನ್ನ ಕೈಚಳಕ ಅವರ ಉಸಿರು ನಿಲ್ಲಿಸ್ತಿತ್ತು.’

ನಾನು ಇನ್ನೂ ಏನೇನೋ ಅಂದೆ. ಕೋಪ ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಭಯ. ಇಪ್ಪತ್ತು ವರ್ಷ ತನ್ನ ಕಣ್ಣಿಗೆ ತಾನು ಹೇಗೆ ಮಣ್ಣೆರಚಿಕೊಂಡಿದ್ದಳೋ ಹಾಗೆಯೇ ತಮ್ಮನ ಕಣ್ಣಿಗೂ ಎರಚಿದ್ದಳು, ಎರಡು ಸಲವೂ ಕೆಟ್ಟದ್ದಕ್ಕಲ್ಲ. ಅದು ಅವಳಿಗೆ ಆ ಕಾರಿಡಾರಿನಲ್ಲಿ ಹೊಳೆಯಿತು.

‘ಅಂಗಿ ಕೊಡು’ ಎಂದಳು.

ನಿಲುವಂಗಿಯ ಜೇಬಿನಲ್ಲಿದ್ದ ಸಣ್ಣ ಕತ್ತರಿ ತೆಗೆದು ಅಲ್ಲೇ ಬೆಂಚಿನ ಮೇಲೆ ಕೂತು ಬಿಚ್ಚತೊಡಗಿದಳು. ಒಂದು ಸಾಲು, ಇನ್ನೊಂದು ಸಾಲು. ಎಳೆಯಲಿಲ್ಲ, ಒಂದೊಂದೇ ನೂಲು ಕತ್ತರಿಸಿದಳು. ನಾನು ಪಕ್ಕದಲ್ಲಿ ಕೂತು ನೂಲಿನ ತುಂಡುಗಳನ್ನು ಅಂಗೈಗೆ ಆಯ್ದುಕೊಂಡೆ. ಗುಂಡಿಯನ್ನು ಕಿತ್ತು ಹಳೆಯ ತೂತಿನ ಮೇಲೆ ಮತ್ತೆ ಹಾಕಿದಳು.

ಮೂರು ದಿನ ಬಿಟ್ಟು ಮನೆಗೆ ಕಳಿಸುವಾಗ ಆ ಅಂಗಿಯನ್ನು ಅವರಿಗೆ ತೊಡಿಸಿದೆವು. ನಮ್ಮವರು ಗುಂಡಿ ಹಾಕಿಕೊಂಡು, ಎರಡೂ ಪಕ್ಕ ಕೈಯಾಡಿಸಿಕೊಂಡು, ಗೋಡೆಯ ಕನ್ನಡಿ ನೋಡಿದರು. ಕಾಲರಿನ ಒಳಗೆ ಕತ್ತು ಕಡ್ಡಿಯ ಹಾಗೆ ನಿಂತಿತ್ತು.

‘ಇದು ಯಾರ್ದು?’ ಎಂದು ಕೇಳಿದರು.

‘ನಿಂದೇ’ ಎಂದಳು ಅಕ್ಕ. ‘ಇಷ್ಟು ದಿನ ತೊಟ್ಟಿದ್ದು ನಾನು ಹೊಲಿದ ಸುಳ್ಳು. ಇದು ನಿಜದ ಅಂಗಿ. ನೋಡ್ಕೋ ಮರಿ.’

ಅವರು ತುಂಬ ಹೊತ್ತು ನೋಡಿಕೊಂಡರು. ಬೈಯಲಿಲ್ಲ. ಅಕ್ಕ ಎದುರಿಗೆ ಬಂದು ತನ್ನ ನಿಲುವಂಗಿಯ ಪಕ್ಕವನ್ನು ಮಡಿಸಿ ತೋರಿಸಿದಳು. ಹೊಲಿಗೆಯ ಆಚೆ ಏನೂ ಇರಲಿಲ್ಲ, ಕತ್ತರಿಸಿದ ಅಂಚು ಮಾತ್ರ. ‘ನಂದೂ ನೋಡು. ವಾಪಸ್ ಹೋಗೋಕೆ ದಾರಿ ಇಟ್ಕೊಂಡಿಲ್ಲ. ನೀನು ಬೇಡ ಅಂದ್ರೆ ಇಷ್ಟೂ ದಂಡ.’

ನಮ್ಮವರು ಕನ್ನಡಿಯಲ್ಲೇ ಅವಳನ್ನು ನೋಡಿದರು. ಅಕ್ಕ ಎಷ್ಟು ಇಳಿದಿದ್ದಾಳೆಂದು ಅವರ ಕಣ್ಣಿಗೆ ಬಿದ್ದದ್ದು ಆಗಲೇ ಇರಬೇಕು. ದಿನಾ ನೋಡುವವರಿಗೆ ಅದು ಕಾಣುವುದಿಲ್ಲ. ‘ಹೂಂ’ ಎಂದರು.

ಹದಿನಾಲ್ಕು ಕಿಲೋ ಇಳಿಯಲು ವರ್ಷವೇ ಹಿಡಿಯಿತು. ಕೊನೆಯ ಸಲ ಡಾಕ್ಟರಮ್ಮ ಮುಳ್ಳು ನೋಡಿ, ಸಕ್ಕರೆಯ ವರದಿ ನೋಡಿ, ‘ಹೇಗೆ ಮಾಡಿದ್ರಿ?’ ಎಂದು ಕೇಳಿದರು. ‘ಏನೂ ಮಾಡ್ಲಿಲ್ಲ ಡಾಕ್ಟರಮ್ಮ, ಮೊದ್ಲು ಮಾಡ್ತಿದ್ದದ್ದನ್ನ ಸ್ವಲ್ಪ ಸ್ವಲ್ಪ ಬಿಟ್ಟೆ’ ಅಂದಳು ಅಕ್ಕ.

ಆಪರೇಷನ್ನಿನ ಬೆಳಿಗ್ಗೆ ಇಬ್ಬರನ್ನೂ ಚಕ್ರದ ಮಂಚಗಳಲ್ಲಿ ಮಲಗಿಸಿ ಥಿಯೇಟರಿನ ಬಾಗಿಲ ಮುಂದೆ ಅಕ್ಕಪಕ್ಕ ನಿಲ್ಲಿಸಿದರು. ಇಬ್ಬರಿಗೂ ಆಸ್ಪತ್ರೆಯ ಒಂದೇ ಬಣ್ಣದ ನಿಲುವಂಗಿ. ಅಕ್ಕ ಅದರ ಹೊಲಿಗೆ ಬೆರಳಲ್ಲಿ ತಡವಿ, ‘ಯಾರು ಹೊಲಿದ್ರೋ, ಅವರಿಗೆ ಕಣ್ಣಿಲ್ಲ’ ಎಂದಳು. ನಮ್ಮವರು ಕೈ ಚಾಚಿ ಅವಳ ಕೈ ಹಿಡಿದರು.

‘ಅಕ್ಕ, ನಿಂಗೇನಾದ್ರೂ ಆದ್ರೆ?’

‘ಎರಡು ಕೊಟ್ಟಿರೋದು ಯಾಕೆ ಅಂದ್ಕೊಂಡಿದೀಯ?’ ಎಂದಳು ಅಕ್ಕ. ‘ಹೆದರ್ಬೇಡ ಮರಿ. ಒಳಗೆ ಬಟ್ಟೆ ಇದೆ.’

ಬಾಗಿಲು ಮುಚ್ಚಿತು. ನಾನು ಹೊರಗೆ ಕೂತೆ. ಎಲ್ಲರ ಬಟ್ಟೆಗೂ ಎರಡು ಬೆರಳು ಹೆಚ್ಚು ಬಿಟ್ಟ ಆ ಕೈಗಳನ್ನು ನೆನೆದು ಅತ್ತೆ, ಈ ಸಲ ಬೇರೆ ಥರ.

ಆಪರೇಷನ್ ಇಬ್ಬರಿಗೂ ಚೆನ್ನಾಗಿ ಆಯಿತು. ಅಕ್ಕ ಒಂದು ತಿಂಗಳು ಕಾಲುಮಣೆ ತುಳಿಯಲಿಲ್ಲ, ಆಮೇಲೆ ತುಳಿದಳು. ನಮ್ಮವರಿಗೆ ಹಸಿವು ಮರಳಿತು. ಅದರ ಜತೆಗೆ ಕೊಟ್ಟ ಮಾತ್ರೆಗಳೂ ಹಸಿವು ಹೆಚ್ಚಿಸುವಂಥವಂತೆ. ನೀಲಿ ಅಂಗಿ ಮೊದಲು ಭುಜದಲ್ಲಿ ತುಂಬಿತು, ಆಮೇಲೆ ಎದೆಯಲ್ಲಿ. ಯಾರೂ ಸೂಜಿ ಮುಟ್ಟಿಸಿರಲಿಲ್ಲ. ಅವರು ಅನ್ನ ಕೇಳಿ ಬಡಿಸಿಕೊಳ್ಳುವುದನ್ನು ನೋಡುವುದೇ ನನಗೊಂದು ಹಬ್ಬವಾಗಿತ್ತು. ಬನ್ನು ಮತ್ತೆ ಮನೆಗೆ ಬರತೊಡಗಿತು.

ಮೊನ್ನೆ ಅವರು ಅಂಗಿ ಹಿಡಿದುಕೊಂಡು ಅಂಗಡಿಗೆ ಇಳಿದರು, ನಾನೂ ಜತೆಗಿದ್ದೆ. ಹೊಟ್ಟೆಯ ಹತ್ತಿರ ಗುಂಡಿ ಎಳೆಯುತ್ತಿತ್ತು.

‘ಅಕ್ಕ, ಇದನ್ನ ಸ್ವಲ್ಪ ಬಿಡ್ತೀಯಾ?’ ಎಂದು ನಗುತ್ತ ಕೇಳಿದರು. ಹುಡುಗನಾಗಿದ್ದಾಗಿನಿಂದ ಕೇಳುತ್ತ ಬಂದ ಹಾಗೆಯೇ.

ಅಕ್ಕ ಅಂಗಿಯನ್ನು ಒಳಮೈ ಮಾಡಿ ಕಿಟಕಿಯ ಬೆಳಕಿಗೆ ಹಿಡಿದಳು. ಅಂಚಿನುದ್ದಕ್ಕೂ ಹೆಬ್ಬೆರಳಾಡಿಸಿದಳು. ಅಲ್ಲಿ ಇನ್ನೂ ಎರಡು ಬೆರಳಗಲ ಇತ್ತು, ನಾನು ಕಣ್ಣಾರೆ ಕಂಡೆ. ಮೇಜಿನ ಮೇಲಿದ್ದ ದೊಡ್ಡ ಕತ್ತರಿ ತೆಗೆದುಕೊಂಡು ಅದನ್ನು ನಿಧಾನವಾಗಿ ಕತ್ತರಿಸಿದಳು, ಮೇಲಿನಿಂದ ಕೆಳಗಿನವರೆಗೆ, ಎರಡೂ ಪಕ್ಕ. ನೀಲಿ ಪಟ್ಟಿಗಳು ನೆಲಕ್ಕೆ ಬಿದ್ದವು. ಅಂಗಿ ಮಡಿಸಿ ತಮ್ಮನ ಕೈಗೆ ಕೊಟ್ಟಳು.

‘ಒಳಗೆ ಬಟ್ಟೆ ಇಲ್ಲ ಮರಿ’ ಎಂದಳು. ‘ಇದ್ದದ್ದನ್ನ ಕೊಟ್ಟಾಯ್ತು.’

ನಮ್ಮವರ ನಗು ಅಲ್ಲಿಗೇ ನಿಂತಿತು. ಅಂಗಿ ಹಿಡಿದ ಕೈ ತಾನಾಗಿ ಹೊಟ್ಟೆಯ ಮೇಲಿನ ಗಾಯದ ಗುರುತಿನ ಕಡೆಗೆ ಹೋಯಿತು. ಮೆಟ್ಟಿಲು ಹತ್ತಿ ಹೋದರು. ಅಕ್ಕ ನೆಲದ ಮೇಲಿನ ಪಟ್ಟಿಗಳನ್ನು ಆಯ್ದು ಚಿಂದಿಯ ಚೀಲಕ್ಕೆ ಹಾಕಿ ಮಿಷನ್ನಿನ ಮುಂದೆ ಕೂತಳು.

ಮರುದಿನ ಬೆಳಿಗ್ಗೆ ನಾನು ಚಹಾಕ್ಕೆ ಸಕ್ಕರೆ ಹಾಕುತ್ತಿದ್ದಾಗ ನಮ್ಮವರು ಬಂದು ನನ್ನ ಕೈ ಹಿಡಿದರು. ‘ಅರ್ಧ ಚಮಚ ಸಾಕು’ ಎಂದರು.